ಕ್ಯಾಲೆಂಡರ್

ನಮ್ಮ ನೆಲದಡಿಯ ಕರಿಬಂಡೆಗೆ
ವಾಕಾ ಮುಯೆರ್ತಾ ಅಂತ ಹೆಸರು, ಸತ್ತ ಹಸು.
ನಕ್ಷೆ ಬರೆದವರು ಯಾರೋ ಇಟ್ಟದ್ದು.
ಮೂರು ಸಾವಿರ ಮೀಟರ್ ಕೆಳಗೆ ಅದು ಮಲಗಿತ್ತು,
ಮೇಲೆ ನಾವು ಮೇಕೆ ಮೇಯಿಸುತ್ತಿದ್ದೆವು,
ಒಬ್ಬರ ತಂಟೆಗೊಬ್ಬರಿಲ್ಲ.

ಈಗ ಹಗಲೂ ಇರುಳೂ ಅದನ್ನು ಕರೆಯುತ್ತಾರೆ,
ಹೆಸರು ಹಿಡಿದಲ್ಲ, ಕೆಚ್ಚಲು ಹಿಡಿದು.
ನೆಉಕೆನ್ ಹೊಳೆಯ ನೀರು, ಲಾರಿಗಟ್ಟಲೆ ಮರಳು,
ಹೆಸರು ಹೇಳದ ಔಷಧಿ
ಒತ್ತಿ ಒತ್ತಿ ಕುಡಿಸಿ, ಸೀಳಿ, ಕರೆಯುತ್ತಾರೆ.
ಸತ್ತದ್ದೂ ಕೊಡುತ್ತದೆ ನೋಡಿ.
ಒದೆಯುತ್ತದೆ ಕೂಡ.

ಮೊದಲ ಒದೆತ ನಸುಕಿನ ನಾಲ್ಕಕ್ಕೆ.
ಗೂಡಿನ ಲೋಟಗಳು ಒಂದಕ್ಕೊಂದು ಏನೋ ಅಂದುಕೊಂಡವು.
ಹೊರಗೆ ಮೇಕೆಗಳೆಲ್ಲ ಎದ್ದು
ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು.
ಬರೆದಿಟ್ಟೆ: ತಾರೀಕು, ಹೊತ್ತು, ಒಡೆದ ಲೋಟ ಎರಡು.
ನೋಟ್‌ಬುಕ್ಕಿನಲ್ಲಿ ಇವತ್ತಿಗೆ ನೂರ ಹನ್ನೊಂದು.

ಕಂಪನಿಯ ಹುಡುಗ ಬಂದಿದ್ದ. ಒಳ್ಳೆಯವನೇ,
ಬೂಟು ಬಾಗಿಲಲ್ಲೇ ಬಿಟ್ಟ.
ಬಿರುಕಿಗೆ ಸ್ಕೇಲು ಹಿಡಿದು ಕೇಳಿದ:
'ಮನೆ ಹಳೆಯದಲ್ಲವೇ, ನೆಲಿದಾ ಅಮ್ಮ?'
ಹೌದಪ್ಪ, ನಾನೂ ಹಳಬಳೇ,
ನಾನಿನ್ನೂ ಬಿರುಕು ಬಿಟ್ಟಿಲ್ಲ, ಅಂದೆ.
ನಕ್ಕ.
ಬರೆದುಕೊಳ್ಳಲಿಲ್ಲ.

ಸುಳ್ಳು ಯಾಕೆ ಹೇಳಲಿ,
ತಂಗಿಯ ಮಗ ಎಫ್ರಾಯಿನ್ ಮರಳಿನ ಲಾರಿ ಓಡಿಸುತ್ತಾನೆ.
ನನ್ನ ಬಾಯಲ್ಲಿರುವ ನಾಲ್ಕು ಹಲ್ಲು ಅವನ ಸಂಬಳದ್ದು.
ಆ ಹಲ್ಲಲ್ಲೇ ಕಂಪನಿಯನ್ನು ಬಯ್ಯುತ್ತೇನೆ,
ಅವನು ತಲೆ ತಗ್ಗಿಸಿ ಸೂಪು ಕುಡಿಯುತ್ತಾನೆ.
ಹೊಳೆಯ ದಂಡೆಯಲ್ಲೇ ಊರು,
ಕುಡಿಯುವ ನೀರು ಮಾತ್ರ ಮಂಗಳವಾರದ ಟ್ಯಾಂಕರಿನಲ್ಲಿ.
ಗ್ಯಾಸು ಅಂಗಳದ ಪಕ್ಕದ ಕೊಳವೆಯಲ್ಲಿ ಹಾದು
ಎಲ್ಲೋ ಯಾರದೋ ಸ್ನಾನದ ನೀರು ಕಾಯಿಸುತ್ತದೆ.
ನಾನು ಜಾರಿಯ್ಯಾ ಗಿಡದ ಪುಳ್ಳೆ ಆಯುತ್ತೇನೆ.

ಪಾಳಿ ಮುಗಿಸಿ ಎಫ್ರಾಯಿನ್ ಬೂಟು ಸಮೇತ ಮಲಗುತ್ತಾನೆ.
ನೆಲ ನಡುಗಿದರೆ ಎಬ್ಬಿಸುವುದಿಲ್ಲ.
ಲಾರಿ ಇನ್ನೂ ಓಡುತ್ತಿದೆ ಅಂದುಕೊಂಡು
ನಿದ್ದೆಯಲ್ಲೇ ಗೇರು ಬದಲಿಸುತ್ತಾನೆ,
ಪಾಪ.

ಹೊಸ ವರ್ಷಕ್ಕೆ ಕಂಪನಿ ಕ್ಯಾಲೆಂಡರ್ ಕೊಟ್ಟಿತ್ತು,
ದಪ್ಪ ಕಾಗದ, ಹೊಳಪು, ಗಾಳಿ ತಡೆಯುತ್ತದೆ.
ತಿಂಗಳು ಕಳೆದಂತೆ ಹಾಳೆ ಹರಿದು ಮಡಚಿ
ಗೋಡೆಯ ಬಿರುಕಿಗೆ ತುರುಕುತ್ತಿದ್ದೇನೆ.
ಜನವರಿಯ ನಗುವ ಮಗು ಒಳಗೆ ಹೋಯಿತು,
ಮಾರ್ಚಿಯ ಫ್ಲೆಮಿಂಗೊ, ಏಪ್ರಿಲಿನ ಹಳದಿ ಟೋಪಿ.
ಮೇ ಇನ್ನೂ ಅರ್ಧವಿದೆ.
ಬಿರುಕು ಆಗಲೇ
ಜೂನ್ ಕೇಳುತ್ತಿದೆ.