ಪರದೆಯ ಹಿಂದೆ ನಾನು

ಇವತ್ತೂ ನನ್ನನ್ನು ಪರದೆಯ ಹಿಂದೆ ಕೂರಿಸಿದ್ದಾನೆ ಒಲ್ದ್ರಿಖ್.
ಕೈಯಲ್ಲಿ ಎರಡು ತಂತಿ, ಒಂದು ಟಾರ್ಚು,
ಹಾಲಿನ ಚೀಟಿಯ ಬೆನ್ನಿಗೆ ಅವನೇ ಗೆರೆ ಎಳೆದುಕೊಟ್ಟ ಪಟ್ಟಿ.
ಯಾವ ಪೆಟ್ಟಿಗೆ ಯಾವಾಗ, ನನಗೆ ಮಾತ್ರ ಗೊತ್ತಿರಬೇಕು.
ಕೆಮ್ಮಬಾರದು. ನಿಟ್ಟುಸಿರೂ ಬಿಡಬಾರದು,
ನಿಟ್ಟುಸಿರಿನಲ್ಲಿ ಬೆಲೆ ಗೊತ್ತಾಗಿಬಿಡುತ್ತದಂತೆ.

ಬ್ರನೋ ಊರಿನ ಈ ನಾಲ್ಕನೇ ಮಹಡಿಯಲ್ಲಿ
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನ ಪಿಂಚಣಿ
ಡ್ಯಾಕು ಡ್ಯಾಕು ಎನ್ನುತ್ತ ಕರಗುತ್ತಿದೆ.
ಹಾಗೆಂದರೇನು ಎಂದು ಮೊದಲ ಸಲ ಕೇಳಿದಾಗ
ಸಕ್ಕರೆ ಡಬ್ಬಿ ತೆಗೆದು ತೋರಿಸಿದ:
ಹಾಡೆಲ್ಲ ಹೀಗೆ ಹರಳು ಹರಳಾಗಿ ಡಿಸ್ಕಿನಲ್ಲಿ ಬಿದ್ದಿರುತ್ತದೆ, ದ್ರಾಹಾ,
ಇದು ಅದನ್ನು ಕರಗಿಸಿ ಎಳೆ ಬರುವ ಪಾಕ ಮಾಡುತ್ತದೆ.
ಪಾಕ ಕೆಟ್ಟರೆ ಮತ್ತೆ ಹರಳು, ಕಿವಿಗೆ ಚುಚ್ಚುತ್ತದೆ.
ಅಷ್ಟು ಚೆನ್ನಾಗಿ ಮಾತಾಡಿದ್ದಕ್ಕೆ
ಮೊದಲನೆಯದಕ್ಕೆ ನಾನೇ ಒಪ್ಪಿದ್ದು. ನನ್ನದೇ ತಪ್ಪು.

ಮೊದಲನೆಯದು ಬೆಂಕಿಪೊಟ್ಟಣದಷ್ಟು; ಬೆಲೆ ಒಂದು ಜೊತೆ ಬೂಟಿನದು.
ಎರಡನೆಯದು ಇಟ್ಟಿಗೆಯಷ್ಟು; ಬೆಲೆ ನನಗೆ ಹೇಳಿದ್ದು ಅರ್ಧ.
ಮೂರನೆಯದು ಇನ್ನೂ ನಮ್ಮದಲ್ಲ,
ಅಂಗಡಿಯ ಹಾನೂಶ್ ಕಣ್ಣು ಮಿಟುಕಿಸಿ ಕೊಟ್ಟು ಕಳಿಸಿದ್ದು,
ಹದಿನಾಲ್ಕು ದಿನ ಗಡುವು.
ಎತ್ತಿದರೆ ಸೊಂಟ ನೆನಪಾಗುತ್ತದೆ.
ಮುಂದೆ ಒಂದೇ ಒಂದು ದೀಪ, ಇಲಿಯ ಕಣ್ಣಿನಷ್ಟು.

ಮೂರರ ಸದ್ದನ್ನೂ ಮಾಪಕ ಹಿಡಿದು ಸಮ ಮಾಡಿದ್ದಾನೆ.
ಕೂದಲೆಳೆಯಷ್ಟು ಜೋರಾದದ್ದನ್ನೂ
ಚೆನ್ನಾದದ್ದೆಂದು ಕಿವಿ ಸುಳ್ಳು ಹೇಳುತ್ತದಂತೆ.
ಎಲ್ಲರದ್ದೂ ಹಿತ್ತಾಳೆ ಕಿವಿಯೇ, ಎನ್ನುತ್ತಾನೆ;
ಅವನ ತಂತಿಗಳ ತುದಿಗೆ ಮಾತ್ರ ಚಿನ್ನದ ಲೇಪ.

ಆಮೇಲೆ ಅದೇ ಡಿಸ್ಕು. ಮತ್ತೆ. ಮತ್ತೆ.
ಎಂಬತ್ತೇಳರ ನವೆಂಬರಿನ ಒಂದು ಗುರುವಾರ
ಗುಡ್ಡದ ಕೆಳಗಿನ ಇಗರ್ಜಿಯಲ್ಲಿ ಹಿಡಿದದ್ದು.
ಹನ್ನೆರಡು ಹೆಂಗಸರು, ಒಂದು ಆರ್ಗನ್ನು, ಚಳಿ.
ಎರಡನೇ ಸಾಲಿನ ಕೊನೆಗೆ ಯಾರೋ ಉಸಿರೆಳೆದುಕೊಳ್ಳುತ್ತಾಳೆ.
"ಇದರಲ್ಲಿ ಉಸಿರು ಹತ್ತಿರ," ಎನ್ನುತ್ತಾನೆ. ನಾನು ಗೀಟು ಹಾಕುತ್ತೇನೆ.
"ಇದರಲ್ಲಿ ಕಂಬಗಳ ನಡುವೆ ಜಾಗ ಇದೆ." ಗೀಟು.
"ಇದರಲ್ಲಿ ಕೆಳದನಿಯವರಿಗೆಲ್ಲ ನೆಗಡಿ."
ಮೂರೂ ಸಲ ಒಂದೇ ಪೆಟ್ಟಿಗೆ ಹಚ್ಚಿದ್ದೆ.
ಹೇಳಲಿಲ್ಲ. ಪರದೆಗೂ ಒಂದು ಮರ್ಯಾದೆ ಇದೆ.

ಒಂಬತ್ತನೇ ದಿನ, ಮೂರನೆಯದರಲ್ಲಿ
(ನಿಜವಾಗಿ ಮೂರನೆಯದರಲ್ಲೇ, ತಂತಿ ನನ್ನ ಕೈಲಿತ್ತು)
ಆರ್ಗನ್ನಿನ ತಳದ ಸ್ವರ ನಿಂತು ಮೌನ ಬೀಳುವ ಮೊದಲು
ಅವನು ಏನೂ ಹೇಳಲಿಲ್ಲ.
ಪರದೆ ಸರಿಸಿ ಬಂದ. ಆಟ ಮುಗಿಯಿತೇ ಅಂದೆ.
"ಕೇಳು."
ಕೇಳಿದೆ. ಏನಿಲ್ಲ.
"ಇನ್ನೂ ಕೆಳಗೆ ಕೇಳು."
ನೆಲದೊಳಗಿಂದ ಒಂದು ಗುಡುಗುಡು,
ಬಂತು, ಬಾಗಿತು, ಒಂದು ಕ್ಷಣ ಅಳುಕಿತು, ಹೋಯಿತು.

"ಇಗರ್ಜಿಯ ಹಿಂದಿನ ತಿರುವು. ನಾಲ್ಕನೇ ನಂಬರು.
ಉಳಿದವರು ಅಲ್ಲಿ ಹಾಗೇ ಎಳೆದುಕೊಂಡು ಹೋಗುತ್ತಿದ್ದರು, ಹಳಿ ಕಿರುಚುತ್ತಿತ್ತು.
ಈತ ವೇಗ ಇಳಿಸಿದ್ದಾನೆ, ಕೇಳಿಸಿತಾ?
ಆ ಚಳಿಗಾಲ ಸಂಜೆಪಾಳಿ ನನ್ನದು."
"ವಾರಪೂರ್ತಿ ಅಲ್ಲ," ಅಂದೆ. "ಕೆಲವು ಗುರುವಾರ ಲುಬೋಷನದೂ ಇತ್ತು."
ಲುಬೋಷ್ ತೀರಿಕೊಂಡು ಆರು ವರ್ಷ.
ಇಬ್ಬರೂ ಸ್ವಲ್ಪ ಹೊತ್ತು ತಂತಿಗಳನ್ನು ನೋಡಿದೆವು.
"ಲುಬೋಷನೂ ಇಳಿಸುತ್ತಿದ್ದ," ಅಂದ. "ನಾನೇ ಕಲಿಸಿದ್ದು."

ಆಮೇಲೆ, ನ್ಯಾಯ ಅಂದರೆ ನ್ಯಾಯ,
ಇಟ್ಟಿಗೆಗೆ ಹಚ್ಚಿ ಕೇಳಿದ. ಇತ್ತು.
ಬೆಂಕಿಪೊಟ್ಟಣಕ್ಕೆ ಹಚ್ಚಿದ. ಅಲ್ಲೂ ಇತ್ತು,
ತುಸು ತೆಳ್ಳಗೆ; ಆದರೆ ಅದೇ ತಿರುವು, ಅದೇ ಅಳುಕು.
ನಾಲ್ಕು ವರ್ಷದಿಂದ ಇದೇ ಕೋಣೆಯಲ್ಲಿ ಹಾದುಹೋಗುತ್ತಿತ್ತು.

ನಾಳೆ ಹದಿನಾಲ್ಕನೇ ದಿನ. ರಟ್ಟಿನ ಡಬ್ಬ ಬಾಗಿಲ ಹತ್ತಿರ
ಬಾಯಿ ತೆರೆದು ಕೂತಿದೆ.
ಹಾನೂಶ್ ಫೋನು ಮಾಡಿದ್ದ, ಹೋಲಿಸಿ ಆಯಿತೇ ಎಂದು.
"ನಡೀತಿದೆ," ಅಂದೆ,
ಕಚ್ಚಿಕೊಂಡಿದ್ದ ಟಾರ್ಚನ್ನು ಬಾಯಿಂದ ತೆಗೆದು.