ಯೋರಣ್ಣನ ಲಗಾಮು

ಸ್ವೀಡನ್ನಿನಿಂದ ಒಂದು ಮಷೀನು ಬಂತು ಹಟ್ಟಿಗೆ,
ಮಷೀನಿನ ಹಿಂದೆ ಒಬ್ಬ ಮನುಷ್ಯ.
ಹೆಸರು ಯೋರಾನ್. ಶಿಫ್ಟಿನವರ ಬಾಯಿಗೆ ಬಿದ್ದು
ಎರಡೇ ದಿನಕ್ಕೆ ಯೋರಣ್ಣ ಆದ.

ಕಲ್ಲು ಕೊರೆಯುವುದನ್ನು ಕಲಿಸಲು ಬಂದವನು
ಐದು ಹೊಡೆದರೆ ಪಾನೆ ಒರೆಸಿ ಪೆಟ್ಟಿಗೆಗಿಟ್ಟು
ಕ್ಲಬ್ಬಿನ ಹಿಂದಿನ ಬೇವಿನ ಕೆಳಗೆ ಕೂತು
ಏನೂ ಮಾಡುತ್ತಿರಲಿಲ್ಲ.
ಅಷ್ಟು ಚೆಂದ ಏನೂ ಮಾಡದವನನ್ನು
ನಾನು ಅಲ್ಲಿಯತನಕ ನೋಡಿರಲಿಲ್ಲ.

ಟನ್ನುಗಟ್ಟಲೆ ಕಲ್ಲು ಅರೆದರೆ
ಚಿಟಿಕೆ ಚಿನ್ನ ಕೊಡುವ ಊರು ಇದು.
ಇಲ್ಲಿ ಸಾಕು ಅನ್ನುವುದು ಯಾರಿಗೂ ಬಾರದು.
ನಾನೋ ವೈಂಡಿಂಗ್ ಡ್ರೈವರ್,
ಕೇಜು ಇಳಿಸುವವ, ಏರಿಸುವವ,
ಆ ವರ್ಷ ತಿಂಗಳಿಗೆ ಹನ್ನೊಂದು ಡಬಲ್ ಡ್ಯೂಟಿ.
ಓಟಿ ರೊಕ್ಕದಲ್ಲಿ ಎರಡನೇ ಫ್ರಿಜ್ಜು ಬಂದಿತ್ತು.
ಮೊದಲನೆಯದರಲ್ಲಿ ಏನಿದೆ ಅಂತ
ಅಮರಮ್ಮನಿಗೂ ಗೊತ್ತಿರಲಿಲ್ಲ.

ಒಂದು ರವಿವಾರ ಕ್ವಾರ್ಟರ್ಸಿಗೆ ಊಟಕ್ಕೆ ಕರೆದೆವು.
ನಮ್ಮ ಕಡೆ ಊಟಕ್ಕೆ ಕರೆಯುವುದೆಂದರೆ ಗೊತ್ತಲ್ಲ,
ಉಣ್ಣುವವನು ಸೋಲಬೇಕು.
ಪುಂಡಿಪಲ್ಯ, ಎಣಗಾಯಿ, ಶೇಂಗಾಹಿಂಡಿ, ಕೆನೆಮೊಸರು.
ಮೂರನೇ ರೊಟ್ಟಿಗೆ ಅವನು
ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು
"ಲಾಗೋಮ್" ಅಂದ.

"ಏನಂತಪಾ?" ನಮ್ಮವ್ವ ಸೂಗಮ್ಮ.
"ಲಗಾಮಂತ."
"ಉಣ್ಣೂ ಬಾಯಿಗೂ ಲಗಾಮು ಹಾಕ್ತಾರೇನು ಅವರ ದೇಶದಾಗ?
ಪಾಪ, ಕುದುರಿ ಹಂಗ."
ನಾಲ್ಕನೇ ರೊಟ್ಟಿ ಬಿತ್ತು
ಅವನ ಬೆರಳುಗಳ ಮೇಲೆಯೇ.

ನಕ್ಕ. ನನ್ನ ಹರಕು ಇಂಗ್ಲಿಷಿಗೆ ತಿಳಿಯುವಷ್ಟು ಬಿಡಿಸಿದ:
ಎಳೆಯುವ ಹಗ್ಗವಲ್ಲ ಅದು.
ಕಾಫಿಗೆ ಹಾಲು, ಮೈಗೆ ಬಿಸಿಲು, ದುಡಿಮೆ, ಕೂತು ಅಳುವುದು ಕೂಡ
ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು.
ದುಂಡಗೆ ಕೂತವರ ನಡುವೆ ಒಂದು ಬೋಗುಣಿ ಹೊರಟರೆ
ಕೊನೆಯವನಿಗೂ ಉಳಿಯುವಂತೆ ಕುಡಿ,
ಅದರಿಂದಲೇ ಈ ಮಾತು ಹುಟ್ಟಿತೆಂದು
ಅವನಜ್ಜಿ ಹೇಳುತ್ತಿದ್ದಳಂತೆ.
ಅಜ್ಜಿಯಂದಿರು ಹೇಳುವುದೆಲ್ಲ ಖರೆ ಅಲ್ಲ,
ಅಂತಲೂ ಅಂದ.

ಒಲೆಯ ಮುಂದಿನ ಅಮರಮ್ಮ ತಿರುಗಿ ನೋಡಲಿಲ್ಲ.
ಕುದಿಯುವ ಎಸರು ಹಿಟ್ಟಿನ ಕುಳಿಗೆ ಸುರಿಯುತ್ತ,
"ಹದ ಅಂತಾನ" ಅಂದಳು.
"ಇಷ್ಟು ಹೇಳಾಕ ಅಷ್ಟು ದೂರದಿಂದ ಬರಬೇಕಿತ್ತಾ?"

ನಾನು ಸುಮ್ಮನಾದೆ.
ನೆನಪಾದದ್ದು ಒಂದು ಮೇ ತಿಂಗಳು.
ಕರೆಂಟು ಹೋಗಿ ಕೇಜು ನಡುವೆ ನಿಂತು
ಹಿಡಿಕೆ ಹಿಡಿದ ನಾನು ಮೇಲೆ, ಹಿಡಿದೂ ಬರಿಗೈ.
ಕೆಳಗಿನ ಲೆವೆಲ್ಲಿನಲ್ಲಿ ಹನ್ನೆರಡು ಮಂದಿ,
ಆರು ತಾಸು, ಒಂದೇ ನೀರಿನ ಕ್ಯಾನು.

ಮೇಲೆ ಬಂದ ಖಾಜಾಹುಸೇನ ಹೇಳಿದ್ದು:
ದೀಪ ಆರಿಸಿ ಕೂತಿದ್ದರು, ಬ್ಯಾಟರಿ ಉಳಿಯಲೆಂದು.
ಕ್ಯಾನು ಕೈಯಿಂದ ಕೈಗೆ ಹೋಯಿತು.
ಪ್ರತಿಯೊಬ್ಬನೂ ಬಾಜೂಕಿನವನಿಗೆ ಕೇಳಿಸುವಂತೆ
ಗುಟುಕರಿಸಿದ.
ಸುತ್ತು ಮುಗಿದರೂ ಕ್ಯಾನು ಅಷ್ಟೇ ಭಾರ.
ಇನ್ನೊಂದು ಸುತ್ತು. ಆಗಲೂ ಭಾರ.
ಬರೀ ಗಂಟಲು ಆಡಿಸಿದ್ದ ಮುದುಕಪ್ಪ
ತಲೆ ತಿರುಗಿ ಬಿದ್ದಮೇಲೆ
ಮೇಸ್ತ್ರಿ ಕತ್ತಲಿಗೆಲ್ಲ ಬೈದನಂತೆ:
"ಕುಡೀರಲೇ! ಸತ್ತು ಯಾರಿಗೆ ಉಳಸ್ತೀರಿ?"

ಅದೂ ಹದವಲ್ಲ.

ಇದನ್ನು ಯೋರಣ್ಣನಿಗೆ ಹೇಳಲಿಲ್ಲ,
ಹೇಳುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ.
ಮಷೀನು ಸರಿಯಾಯಿತು. ಅವನು ಹೋದ.
ಡಬಲ್ ಡ್ಯೂಟಿ ಬಿಟ್ಟೆ ಅಂದರೆ ಸುಳ್ಳು,
ಹನ್ನೊಂದು ಇದ್ದದ್ದು ನಾಲ್ಕಕ್ಕಿಳಿಯಿತು.
ಒಂದು ಫ್ರಿಜ್ಜು ಈಗ ಲ್ಯಾಂಪ್ ರೂಮಿನಲ್ಲಿದೆ,
ತಣ್ಣೀರು ಎಲ್ಲರಿಗೂ.

ಅವ್ವ ಚಹಾ ಸುರಿಯುತ್ತಾಳೆ ಈಗಲೂ.
ಸಾಕು ಅಂದರೆ ಕೇಳದವಳು
ಲಗಾಮು ಅಂದರೆ ನಿಲ್ಲಿಸುತ್ತಾಳೆ,
ಕಪ್ಪು ತುಂಬಿ, ತುಸು ಬಸಿಗೂ ಚೆಲ್ಲಿದ ಮೇಲೆ.
ಬಸಿಯೊಳಗಿನದು ಯಾರ ಪಾಲು
ನಾನು ಕೇಳುವುದಿಲ್ಲ.
ಆರುವ ಮೊದಲೇ ಸುರ್ ಅನ್ನಿಸುತ್ತೇನೆ.