ಸೂಪಿಯ ಯಂತ್ರಕ್ಕೆ ಎಷ್ಟು ಮಾರ್ಕು

ಮೊದಲು ಕಾಲು ನೋಡಿದೆ.
ನಾಲ್ಕು ಕಾಲು, ನಾಲ್ಕಕ್ಕೂ ತಿರುಪು.
ಉಪ್ಪಳದ ನೆಲ ಎಲ್ಲಿಯೂ ಮಟ್ಟ ಇಲ್ಲವೆಂದು
ಇದನ್ನು ಮಾಡಿದ ದೇಶದವರಿಗೆ ಯಾರೋ ಹೇಳಿರಬೇಕು.
ಸೂಪಿಗೆ ಅವಸರ: "ಚಿತ್ರ ನೋಡು ಮಾರಾಯ, ಚಿತ್ರ!"
ಚಿತ್ರ ನೋಡುವವರು ಬೇರೆ ಇದ್ದಾರೆ.
ನಾನು ಶಾರ್ಜಾದ ಮಾಲಿನಲ್ಲಿ ಹನ್ನೊಂದು ವರ್ಷ
ಇಂಥವುಗಳ ಹೊಟ್ಟೆಯೊಳಗೆ ತಲೆ ಇಟ್ಟವ.

ಆಯಿತು, ಚಿತ್ರ.
ಸಿನಿಮಾದ ಹೆಸರು ‘ಲಂಗರು’.
ಕಳೆದ ಓಣಕ್ಕೆ ಬಂದು, ಮೂರು ಭಾಷೆಯಲ್ಲಿ ಓಡಿ,
ನಾಲ್ಕನೆಯದರಲ್ಲಿ, ಅಂದರೆ ನಮ್ಮದರಲ್ಲಿ, ಬರಲೇ ಇಲ್ಲ.
ಹಿಂದಿನ ಗಾಜಿನ ಮೇಲೆ ನಾಯಕ,
ಕೊರಳವರೆಗೆ ಕಡಲು, ಕೂದಲು ಮಾತ್ರ ಒಣ.
ನಾಯಕಿಯನ್ನು ಸ್ಪೀಕರಿನ ಬದಿಗೆ ಒತ್ತಿದ್ದಾರೆ,
ಅವಳ ಅರ್ಧ ಮುಖದ ಮೇಲೆ ಅಂಕಗಳು ಓಡುತ್ತವೆ.

ಆಟದ ಹಲಗೆ ಒಳ್ಳೆಯದುಂಟು, ಸುಳ್ಳು ಹೇಳಬಾರದು.
ದೀಪಸ್ತಂಭಕ್ಕೆ ಗುಂಡು ತಾಗಿದರೆ
ಬೆಳಕು ಒಂದು ಸುತ್ತು ತಿರುಗಿ ಬಂದು
ನಮ್ಮ ಬೆರಳಿನ ಮೇಲೆ ನಿಲ್ಲುತ್ತದೆ.
ಅದನ್ನು ಯೋಚಿಸಿದವನಿಗೆ ನನ್ನದೊಂದು ಸಲಾಂ.
ಹಡಗಿನ ಏರು ಮಾತ್ರ ಕಡಿದಾಯಿತು.
ಹತ್ತಕ್ಕೆ ಏಳು ಸಲ ಗುಂಡು ಅರ್ಧ ಹತ್ತಿ,
ಮರೆತದ್ದೇನೋ ನೆನಪಾದ ಹಾಗೆ
ಸೀದಾ ನಡುವಿನಿಂದ ಕೆಳಗೆ.
ಎಡದ ರೆಕ್ಕೆ ಏಳುವುದು ಒಂದು ಕೂದಲೆಳೆ ತಡ:
ಸ್ಪ್ರಿಂಗಿನ ತಪ್ಪಲ್ಲ, ಸುರುಳಿಯದ್ದು.
ಪ್ರತಿ ಸೋಲಿಗೂ ಖಳ ನಗುತ್ತಾನೆ, ತಮಿಳಿನಲ್ಲಿ.
"ನಗುವಿಗೆ ಎಂತ ಭಾಷೆ?" ಎಂದ ಸೂಪಿ.
ಉಂಟು. ಮೂವತ್ತು ಸಲ ಕೇಳು, ಗೊತ್ತಾಗುತ್ತದೆ.

ಇಷ್ಟು ಬರೆದುಕೊಳ್ಳುವಾಗ
ಹೊರಗೆ ಹೊಸ ಷಟ್ಪಥದಲ್ಲಿ ಒಂದು ಟ್ಯಾಂಕರ್ ಹೋಯಿತು.
ಗಾಜು ಝುಂ ಎಂದಿತು.
ಆಟ ಸತ್ತಿತು.
ದೀಪಸ್ತಂಭ ಕಣ್ಣು ಮುಚ್ಚಿತು, ರೆಕ್ಕೆ ಏಳಲಿಲ್ಲ,
ಪರದೆಯಲ್ಲಿ ಕೆಂಪಾಗಿ: ಅಲುಗಾಡಿಸಿದ್ದೀರಿ.
ನಾನಾ? ನನ್ನ ಎರಡೂ ಕೈ ಪುಸ್ತಕದ ಮೇಲಿತ್ತು.

ಒಳಗೆ ಒಂದು ಲೋಲಕ, ಅದರ ಸುತ್ತ ಒಂದು ಬಳೆ.
ಒಂದಕ್ಕೊಂದು ತಾಗಿದರೆ ಕಳ್ಳಾಟ ಎಂದು ಲೆಕ್ಕ.
ಯಂತ್ರಕ್ಕೆ ಹೆದ್ದಾರಿ ಗೊತ್ತಿಲ್ಲ,
ಅಲುಗಿದ್ದಕ್ಕೆಲ್ಲ ಎದುರು ನಿಂತವನೇ ಕಾರಣ.
ಶಾರ್ಜಾದಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ, ಹೀಗೆಯೇ.
ತಿರುಪು ಸಡಿಲಿಸಿ, ನಡುವೆ
ಒಂದು ಅಕ್ಕಿಕಾಳಿನಷ್ಟು ಹೆಚ್ಚು ಜಾಗ ಬಿಟ್ಟೆ.
ಉಪ್ಪಳಕ್ಕೆ ಅಷ್ಟಾದರೂ ಬೇಕು.

ಶಾಲೆ ಬಿಟ್ಟ ಮೇಲೆ ಇಬ್ಬರು ಬಂದರು.
ಮುನೀಝಾಳ ಕೈಯಲ್ಲಿ ಒಂದು ಕಾಯಿನ್,
ನಿಶ್ಮಿತಾಳಲ್ಲಿ ಅದೂ ಇಲ್ಲ.
ಒಬ್ಬಳಿಗೆ ಎಡದ ಬಟನ್, ಒಬ್ಬಳಿಗೆ ಬಲದ್ದು.
ಬ್ಯಾಗು ಇಳಿಸದೆ, ಸೊಂಟಕ್ಕೆ ಸೊಂಟ ತಾಗಿಸಿ ನಿಂತು
ಒಬ್ಬಳು ಮಲಯಾಳದಲ್ಲಿ ಬೈದರೆ ಒಬ್ಬಳು ತುಳುವಿನಲ್ಲಿ,
ಅಂಕ ಎಣಿಸುವುದು ಮಾತ್ರ ಕನ್ನಡದಲ್ಲಿ, ಕ್ಲಾಸಿನ ಅಭ್ಯಾಸ.
ಗುಂಡು ಸರಿ ನಡುವೆ ಬಂದಾಗ
"ನಿನ್ನದು!" "ಅಲ್ಲ, ನಿನ್ನದು!"
ಇಬ್ಬರೂ ಒತ್ತಲಿಲ್ಲ. ಹೋಯಿತು.
ಖಳ ನಕ್ಕ. ಅವರು ಅವನಿಗಿಂತ ಜೋರು ನಕ್ಕರು.

ಎರಡನೆಯದಕ್ಕೆ ಎಡದವಳು
ಆ ತಡವನ್ನು ಕಲಿತು ಆಗಿತ್ತು:
ಕೂದಲೆಳೆ ಮೊದಲೇ ಒತ್ತುತ್ತಾಳೆ.
ಗುಂಡು ಹಡಗಿಗೆ ಏರಿತು. ಪುನಃ ಏರಿತು. ಪುನಃ.
ಮೂವತ್ತು ಆಟದಲ್ಲಿ ನಾನು ಕಾಣದ ಒಂದು ಲಂಗರು
ಎಲ್ಲಿಂದಲೋ, ಸರಪಳಿ ಸಮೇತ, ಇಳಿಯಿತು.

"ಸುರುಳಿ ಬದಲಿಸಬೇಕು" ಎಂದು ಬರೆದದ್ದನ್ನು
ಹೊಡೆದುಹಾಕಿದೆ.
ಸ್ವಲ್ಪ ಹೊತ್ತು ಬಿಟ್ಟು ಪುನಃ ಬರೆದೆ. ತಪ್ಪು ತಪ್ಪೇ.

"ಹತ್ತರಲ್ಲಿ ಎಷ್ಟು?" ಶಟರ್ ಎಳೆಯುತ್ತಾ ಸೂಪಿ ಕೇಳಿದ.
ಈಗ ಹೇಳಲಿಕ್ಕೆ ಆಗುವುದಿಲ್ಲ.
ಬಟನಿನ ಹಿಂದೆ, ಅಂಗೈ ಊರುವ ಕಡೆ,
ಬಣ್ಣ ಇನ್ನೂ ಹೊಸತು, ಕಡುನೀಲಿ.
ಒಂದು ವರ್ಷ ಹೋಗಲಿ.
ಅಲ್ಲಿ ಮರ ಕಾಣಿಸಿಕೊಂಡರೆ ನನ್ನನ್ನು ಕರೆ.
ನೀಲಿಯೇ ಉಳಿದಿದ್ದರೂ ಕರೆ,
ಹೊಸಂಗಡಿಯಲ್ಲಿ ಹಳೆ ಸಾಮಾನು ತೆಗೆಯುವವ
ನನಗೆ ಗುರ್ತದವ.